ಕುಡಿಯದವನ ಲಿವರು

ದೇವದುರ್ಗ
೧೪-೧೨-೧೯೮೬

ಪ್ರೀತಿಯ ಬಸ್ಸಮ್ಮಕ್ಕನಿಗೆ,

ತಮ್ಮ ಸುಂಕಪ್ಪನ ನಮಸ್ಕಾರ. ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯಲಿಲ್ಲ, ಬೈಯಬೇಡ. ಬರೆಯಲು ಕುಳಿತಾಗಲೆಲ್ಲ ಸಿಟ್ಟಿಗೆ ಹಾಳೆ ಹರಿದು ಹಾಕಿದೆ. ಮಾನ್ವಿಯವರೆಗೂ ಸುದ್ದಿ ಮುಟ್ಟಿರಬೇಕು. ಈಗ ನನ್ನ ಬಾಯಿಂದಲೇ ಕೇಳು.

ದಸರೆ ರಜೆ ಮುಗಿದ ಮೇಲೆ ಬಲಪಕ್ಕೆಯ ಕೆಳಗೆ ಭಾರ ಶುರುವಾಯಿತು. ನನಗೆ ನಗು ಬಂತು. ನಸುಕಿನಲ್ಲಿ ಅರಕೇರಾ ರಸ್ತೆ ಹಿಡಿದು ಓಡುವವನು, ಹೈಸ್ಕೂಲಿನ ಡ್ರಿಲ್ ಮಾಸ್ತರ, ನಲವತ್ತಾದರೂ ಹೊಟ್ಟೆ ಬೆನ್ನಿಗೆ ಹತ್ತಿದವನು, ನನಗೇನಾದೀತು? ನಮ್ಮ ಹೆಡ್‌ಮಾಸ್ತರ ಮಲ್ಲಯ್ಯನವರು ರಾಯಚೂರಿನಲ್ಲಿ ತಮ್ಮ ಪರಿಚಯದ ಡಾಕ್ಟರಿಗೆ ತೋರಿಸಿಕೊಂಡು ಬಾ ಎಂದರು. ಹೋದೆ.

ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆ ಒತ್ತಿ ನೋಡಿ, ಲಿವರು ಬಾತಿದೆ ಎಂದ ಆ ಡಾಕ್ಟರು ಮೊದಲು ಕೇಳಿದ್ದೇನು ಗೊತ್ತೇ? "ಎಷ್ಟು ವರ್ಷದಿಂದ ಕುಡ್ಯಾಕತ್ತೀಯಾ?"

"ಇಲ್ರಿ ಸಾಹೇಬ್ರ, ಒಂದು ಹನಿ ಮುಟ್ಟಿಲ್ಲ."

ಊರು ಕೇಳಿದರು, ಓಣಿ ಕೇಳಿದರು. ಹೇಳಿದ ಕೂಡಲೇ ನಮ್ಮ ಜಾತಿ ತಿಳಿದು ನಕ್ಕರು. "ನಿಮ್ಮ ಮಂದಿ ಎಲ್ಲಾರೂ ಹಿಂಗ ಹೇಳ್ತಾರ. ಶೆರೆ ಬಿಡು, ತಾನ ಇಳೀತದ."

ಅಕ್ಕಾ, ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ನಮ್ಮಿಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ಮತ್ತೇರಿಸುವ ಯಾವುದನ್ನೂ ಮುಟ್ಟುವುದಿಲ್ಲ ಎಂದು ಹೇಳಿಸಿದ್ದು ನೆನಪಿದೆಯಲ್ಲ? ಅಂದಿನಿಂದ ಇಂದಿನವರೆಗೆ ನಡೆದುಕೊಂಡು ಬಂದ ನನ್ನ ಮಾತಿಗೆ ಬೆಲೆಯಿಲ್ಲ. ಓಣಿಯ ಹೆಸರೊಂದೇ ಸಾಕಾಯಿತು ಆ ಮನುಷ್ಯನಿಗೆ!

ನಾನು ಊರು ಮುಟ್ಟುವ ಮೊದಲೇ ಆ ಡಾಕ್ಟರು ಹೆಡ್‌ಮಾಸ್ತರಿಗೆ ಫೋನು ಮಾಡಿದ್ದರು. ಮರುದಿನ ಎಲ್ಲ ಶಿಕ್ಷಕರ ಎದುರಿಗೆ ಮಲ್ಲಯ್ಯನವರು, "ಹುಡುಗ್ಯಾರನ್ನ ಕುಡುಕನ ಕೈಯಾಗ ಕಳಿಸ್ಯಾನಂತ ನಾಳೆ ಮಂದಿ ನನ್ನ ಕೇಳ್ತಾರ" ಎಂದರು. ಬೇಸಿಗೆಯಿಂದ ನಾನು ತಯಾರು ಮಾಡಿದ ಹುಡುಗಿಯರ ಖೋ ಖೋ ತಂಡವನ್ನು ಚಿತ್ರಕಲೆಯ ಈರಯ್ಯ ಮಾಸ್ತರರು ಗುಲಬರ್ಗಾದ ಪಂದ್ಯಾಟಕ್ಕೆ ಕರೆದುಕೊಂಡು ಹೋದರು. ಯಾರನ್ನು ಮೊದಲು ಓಡಿಸಬೇಕೆಂದು ಅವರಿಗೇನು ಗೊತ್ತು? ಮೊದಲ ಪಂದ್ಯದಲ್ಲೇ ಸೋತು ಬಂದರು ಮಕ್ಕಳು.

ನಾನು ಸುಮ್ಮನಿರಲಿಲ್ಲ. ಹೈದರಾಬಾದಿಗೆ ಹೋಗಿ ಡಾಕ್ಟರ್ ಸುಗ್ರಾ ಬೇಗಂ ಎಂಬ ಹಿರಿಯರಿಗೆ ತೋರಿಸಿದೆ. ಟೀವಿಯಂಥ ಪೆಟ್ಟಿಗೆಯಲ್ಲಿ ಹೊಟ್ಟೆಯೊಳಗನ್ನೆಲ್ಲ ನೋಡುವ ಹೊಸ ಯಂತ್ರವಿದೆ ಅಲ್ಲಿ. ನೋಡಿ, ಕೂಡಿಸಿಕೊಂಡು ಉರ್ದುವಿನಲ್ಲಿ ನಿಧಾನವಾಗಿ ತಿಳಿಸಿದರು: ಲಿವರಿನಲ್ಲಿ ಕೊಬ್ಬು ಕೂಡಿದೆ, ಮಾಸ್ತರರೇ, ಕುಡಿಯದವರಿಗೂ ಇದು ಬರುತ್ತದೆ, ಮೈ ಸಣ್ಣಗಿದ್ದವರಿಗೂ ಬರುತ್ತದೆ, ನಮ್ಮ ಎಷ್ಟೋ ಡಾಕ್ಟರಿಗೇ ಇದಿನ್ನೂ ತಿಳಿದಿಲ್ಲ. ರಕ್ತದಲ್ಲಿ ಸಕ್ಕರೆಯೂ ಸ್ವಲ್ಪ ಏರಿದೆಯಂತೆ. ಸಿಹಿ ಚಹಾ ಬಿಡಿ, ಅನ್ನ ಕಡಿಮೆ ಮಾಡಿ, ಓಡುವುದನ್ನು ಮಾತ್ರ ಬಿಡಬೇಡಿ ಎಂದರು.

ಬಂದು ಮಲ್ಲಯ್ಯನವರಿಗೆ ಹೇಳಿದರೆ, "ಆಗಿದ್ದು ಆತು, ಇನ್ನ ಯಾಕ ಎಳೀತೀರಿ?" ಎಂದರು.

"ಕುಡುಕ ಅಂದದ್ದು ಎಲ್ಲಾರ ಮುಂದ. ಅಲ್ಲ ಅನ್ನೂದು ಬಾಗಲಾ ಹಾಕ್ಕೊಂಡೇನ್ರಿ?"

ಅವರು ಗಂಟೆ ಬಾರಿಸಲು ಹೇಳಿ ಎದ್ದು ಹೋದರು. ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಕಟ್ಟೆ ಹತ್ತಿ ನಾನೇ ಹೇಳಿದೆ. ನನಗಿರುವ ರೋಗ ಇಂಥದ್ದು, ನಾನು ಕುಡಿದವನಲ್ಲ. ಸಾಲಿನಿಂದ ನಮ್ಮ ತಂಡದ ಲತೀಫಾ ಕೈಯೆತ್ತಿದಳು. "ಸರ್, ಗುಣಾ ಆಗ್ತದೇನ್ರಿ?"

"ಆಗ್ತದವ್ವಾ."

"ಹಂಗಾರ ಸಂಜೀಕ ಆಟಕ್ಕ ಬರ್ರಿ. ನಮಗ ಈರಯ್ಯ ಸರ್ ಬ್ಯಾಡ್ರಿ."

ಎಲ್ಲರೂ ನಕ್ಕರು, ಪಾಪ ಈರಯ್ಯನವರೂ ನಕ್ಕರು. ಸಂಜೆ ಮೈದಾನಕ್ಕೆ ಇಳಿದೆ. ಮಲ್ಲಯ್ಯನವರು ಈಗ ಮಾತಾಡಿಸುತ್ತಾರೆ, ನಾನು ಉತ್ತರ ಕೊಡುತ್ತೇನೆ, ಅಷ್ಟೇ. ಕ್ಷಮೆ ಅವರೂ ಕೇಳಿಲ್ಲ, ನಾನೂ ಮಾಡಿಲ್ಲ.

ಇದು ಮನೆತನದಲ್ಲಿ ಬರಬಹುದಂತೆ. ನೀನೂ ಒಮ್ಮೆ ರಕ್ತ ತೋರಿಸು, ಆಲಸ್ಯ ಮಾಡಬೇಡ. ಮಾಮಾನಿಗೆ ನಮಸ್ಕಾರ. ಮಕ್ಕಳು ಗಟ್ಟಿಮುಟ್ಟಾಗಿ ಬೆಳೆಯಲಿ, ಅವರ ಮಾತನ್ನು ಯಾರೂ ತಳ್ಳಿಹಾಕದಿರಲಿ.

ನಿನ್ನ ತಮ್ಮ
ಸುಂಕಪ್ಪ

ತಾ.ಕ.: ಇದನ್ನು ಮೇಲೆ ಬರೆಯಲು ಆಗಲಿಲ್ಲ. ರಾಯಚೂರಿನಿಂದ ಬಂದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅಡ್ಡಾಗಿದ್ದೆ. ನಿದ್ದೆ ಹತ್ತಿರಲಿಲ್ಲ. ಇಷ್ಟು ವರ್ಷ ನನ್ನೊಡನೆ ಸಂಸಾರ ಮಾಡಿದ ಪಾರ್ವತೆಮ್ಮ ಮೆಲ್ಲಗೆ ಬಂದು ಬಗ್ಗಿ ನನ್ನ ಬಾಯಿ ಮೂಸಿ ನೋಡಿದಳು. ನಾನು ಕಣ್ಣು ತೆರೆಯಲಿಲ್ಲ. ಹೈದರಾಬಾದಿನ ಡಾಕ್ಟರರ ಮಾತು ತಿಳಿಸಿದಾಗ, "ನನಗ ಮೊದ್ಲ ಗೊತ್ತಿತ್ತು ಬಿಡ್ರಿ" ಎಂದಳು. ಹೂಂ ಎಂದೆ.