ಚಸ್ಮಾ ಡಬ್ಬಿಯ ಕೆಂಪು ಚೀಟಿ

ನ್ಯಾಲ್ಕಲ್
ಶ್ರಾವಣ ಸೋಮವಾರ, 11-8-2025

ಸ್ವರೂಪಾಳ ಅಪ್ಪನವರಿಗೆ, ಬಾಳಮ್ಮನ ಶರಣು.

ಇಂದು ನನ್ನ ಉಪವಾಸ. ಅಂಗಳ ಗುಡಿಸಿ, ಎಮ್ಮೆ ಹಿಂಡಿ, ಸಂಗಮೇಶ್ವರನಿಗೆ ದೀಪ ಹಚ್ಚಿ ಬರೆಯಲು ಕುಳಿತಿದ್ದೇನೆ. ನಿಮ್ಮ ಮೈ ಹೇಗಿದೆ? ಮೊಣಕಾಲಿಗೆ ಎಣ್ಣೆ ಹಚ್ಚುತ್ತೀರಾ? ಫೋನಿನಲ್ಲಿ ಕೇಳಿದರೆ ಎಲ್ಲದಕ್ಕೂ "ಛಲೋ ಅದ" ಅಂತೀರಿ, ಪಕ್ಕದಲ್ಲಿ ಜೊತೆಯವರು ಇರುತ್ತಾರೆ. ಅದಕ್ಕೇ ಈ ಕಾಗದ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ನಗಬೇಡಿ.

ಇಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ನಡೆದಿದೆ. ಯುಗಾದಿಗೆ ಬಂದಾಗ ಕೆಟ್ಟ ಮಿಕ್ಸರಿಗೆ ನೀವು ಕಟ್ಟಿದ ಕೆಂಪು ಚೀಟಿ ಇನ್ನೂ ಹಾಗೇ ಇದೆ. ಅದರ ಮೇಲಿನ 'ಯು.ಎಸ್.' ಓದಿ ಪಕ್ಕದ ಮನೆಯ ಲಚ್ಚಮ್ಮ, "ಮಿಕ್ಸರ್ ಅಮೆರಿಕಾಕ್ಕ ಹೊಂಟದೇನ್ರೀ ಅಕ್ಕಾ?" ಅಂದಳು. ವಿಮಾನ ಇಳಿಯುವ ಜಾಗದಲ್ಲಿ ಕೆಲಸಕ್ಕೆ ಬಾರದ ಸಾಮಾನಿಗೆ ಹಾಗೆ ಬರೆಯುತ್ತಾರೆ, ನಮ್ಮ ಮನೆಯವರು ಅಲ್ಲಿ ವಿಮಾನದ ದಾರಿಯ ದೀಪ ನೋಡಿಕೊಳ್ಳುತ್ತಾರೆ ಎಂದು ತಿಳಿಸಿದೆ. ನಿಮ್ಮ ಮಾತನ್ನೂ ಹೇಳಿದೆ: "ದೀಪ ಕೆಟ್ಟದ ಅಂತ ಹೇಳಿದ್ರ ಪೈಲಟ್ ಹುಷಾರಾಗ್ತಾನ. ಹೇಳಲಿಲ್ಲಂದ್ರ ಅದನ್ನೇ ನಂಬಿ ಇಳೀತಾನ." ಹೇಳುತ್ತ ಹೇಳುತ್ತ ಎದ್ದು ಒಳಗೆ ಬಂದುಬಿಟ್ಟೆ.

ಯಾಕೆಂದರೆ ಹಿಂದಿನ ದಿನವೇ ನಿಮ್ಮ ಪೆಟ್ಟಿಗೆಯಲ್ಲಿನ ಹಳೇ ಚಸ್ಮಾ ಡಬ್ಬಿ ತೆರೆದಿದ್ದೆ. ಒಳಗೆ ಅಂಥದೇ ಕೆಂಪು ಚೀಟಿ. ನಿಮ್ಮದೇ ಹೆಸರು, ನಿಮ್ಮದೇ ಕೈಬರಹ: 'ವೈಜಿನಾಥ. ಬಲಗಣ್ಣು. ಯು.ಎಸ್.' ತಾರೀಖು ಯುಗಾದಿಗೆ ಮುಂಚಿನದು. ಬರೆದಿರಿ, ಯಾರಿಗೂ ಕೊಡಲಿಲ್ಲ. ಜಹೀರಾಬಾದಿನ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ನನ್ನಿಂದ ಓದಿಸಿದಿರಲ್ಲ, ಕೇಳಿದರೆ ಕಣ್ಣಿಗೆ ಧೂಳು ಬಿದ್ದಿದೆ ಅಂದಿರಿ. ನಾನೂ ನಂಬಿ ಸೆರಗು ಊದಿ ಕಣ್ಣಿಗೆ ಒತ್ತಿದೆ.

ಅಂದಿನಿಂದ ಮೇಲೆ ವಿಮಾನದ ಸದ್ದಾದರೆ ಕಾಯಿ ಬಿಡಿಸುವ ಕೈ ನಿಂತುಬಿಡುತ್ತದೆ. ಒಳಗೆ ಮಕ್ಕಳು ಮರಿ ಕೂತಿರುತ್ತಾರೆ. ಯಾವ ದೀಪ ಆರಿದೆ ಎಂದು ಕೆಳಗೆ ಒಬ್ಬರು ನೋಡಿ ಹೇಳುತ್ತಾರೆಂದು ನಂಬಿರುತ್ತಾರೆ. ಆ ಒಬ್ಬರು ನೀವು. ನೌಕರಿ ಹೋದೀತೆಂದು ಹೆದರಿರಬೇಕು. ಹೋದರೆ ಹೋಗಲಿ ಬಿಡಿ. ನನಗೆ ಆ ಮಕ್ಕಳದೇ ಅಂಜಿಕೆ. ದೇವರ ಮುಂದೆ ಕೂತರೂ ಮಂತ್ರ ಅರ್ಧಕ್ಕೇ ತಪ್ಪುತ್ತದೆ.

ಸ್ವರೂಪಾ ತಾಂಡೂರಿನಲ್ಲಿ ಅತ್ತೆಯ ಮನೆಯಲ್ಲಿ ಆರಾಮಾಗಿದ್ದಾಳೆ. ಅವಳಿಗೆ ಏನೂ ಹೇಳಿಲ್ಲ. ಸಂಗಮೇಶ್ವರ ನಿಮ್ಮನ್ನೂ ನಿಮ್ಮ ದೀಪಗಳನ್ನೂ ಕಾಯಲಿ.

ನಿಮ್ಮ
ಬಾಳಮ್ಮ

ತಾ.ಕ.: ಚಸ್ಮಾ ಡಬ್ಬಿಯ ಆ ಚೀಟಿ ಈ ಲಕೋಟೆಯಲ್ಲೇ ಇದೆ. ಓದಿದ ದಿನವೇ ಸಾಹೇಬರ ಕೈಗೆ ಕೊಡಿ. ಉತ್ತರ ನೀವೇ ಬರೆಯಿರಿ, ಬೇರೆಯವರಿಂದ ಬರೆಸಬೇಡಿ. ಸಾಲು ನೆಟ್ಟಗಿದೆಯೋ ಇಲ್ಲವೋ ನೋಡಿದರೆ ಎಡಗಣ್ಣಿನ ಗತಿ ನನಗೆ ತಿಳಿಯುತ್ತದೆ. ಟಪಾಲಿಗೆ ಹಾಕಿದ ದಿನ ನಮ್ಮೂರಲ್ಲಿ ಜೀಪು ಓಡಿಸುವ ತುಳಜಪ್ಪನಿಗೆ ಒಂದು ಫೋನ್ ಮಾಡಿ, ಕಾಗದ ಬಂದ ಕೂಡಲೇ ಅಂಚೆ ಕಚೇರಿಗೆ ಹೋಗಿ ನನಗೆ ತಂದುಕೊಡಲಿ.