ಅಜ್ಜಿ ಮುಂದೆ ಬೇಕಂತ ಸೋಲಬೇಡ

ಎಬೋ,

ಮೀನು ಹೊಗೆಗೆ ಹಾಕೋಕೆ ದಡಕ್ಕೆ ಹೊರಟೆ. ಸಜ್ಜೆ ಗಂಜಿ ಒಲೆ ಮೇಲಿದೆ, ಅಜ್ಜಿಗೆ ಬಿಸಿ ಮಾಡಿ ಕೊಡು. ಆಮೇಲೆ ಓವಾರೆ ಆಟದ ಮಣೆ ತೆಗೆದು ಒಂದೊಂದು ಗುಳಿಗೂ ನಾಲ್ಕರಂತೆ ಕಾಳು ಹಾಕು. ತೊಂಬತ್ತಮೂರರ ತಲೆಗೆ ಆ ಆಟಾನೇ ಕಸರತ್ತು ಅಂತ ಡಾಕ್ಟರೇ ಹೇಳಿದಾರೆ. ಕೈಗೆ ಫೋನ್ ಕೊಟ್ಟು ಕೂರಿಸಬೇಡ.

ನಿನ್ನೆ ನೀನು ಬೇಕಂತಲೇ ಸೋತೆ, ಮಾರಾಯ. ಅವಳಿಗೆ ಗೊತ್ತಾಯ್ತು. "ಇವನು ಆಗಲೇ ನನ್ನ ಹೂತುಬಿಟ್ಟ" ಅಂತ ಊಟ ಬಿಟ್ಟಳು.

ಇವತ್ತು ಸರಿಯಾಗಿ ಆಡು. ನಡುವೆ ನಿನ್ನನ್ನೇ ತಾತ ಅಂದುಕೊಂಡು "ಬೈಡೂ" ಅಂತ ಕರೆದರೆ ತಿದ್ದಬೇಡ, ಹೂಂ ಅನ್ನು. ಆದರೆ ಆಗಂತೂ ಸೋತುಕೊಡಲೇಬೇಡ. ತಾತ ಒಂದು ದಿನವೂ ಅವಳಿಗೆ ಆಟ ಬಿಟ್ಟುಕೊಟ್ಟವರಲ್ಲ. ಎದುರಿಗೆ ಕೂತಿರೋದು ಅವರಲ್ಲ ಅಂತ ತಿಳಿದುಬಿಡುತ್ತೆ.

ಎಕುವಾ ಅಕ್ಕ