ನೀನು ಉಸಿರೆಳೆಯುತ್ತಿದ್ದ ಜಾಗಗಳು

ಉಸಿರು ಕಮ್ಮಿಯಾದರೂ ಹಟ ಕಮ್ಮಿಯಾಗದ ಫೆಲಿಮ್‌ಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ "ಇನ್ನೂ ಮಣ್ಣಿನ ಮೇಲ್ಗಡೆನೇ ಇದೀನಿ" ಅನ್ನುತ್ತೀಯ. ಕಲ್ಲಿದ್ದಲ ಗಣಿಯಿಂದ ಹತ್ತಿ ಬಂದ ಪ್ರತಿ ಸಂಜೆಯೂ ನೀನು ಬ್ರೈಡಿಯ ಪಬ್ಬಿನ ಬಾಗಿಲಲ್ಲಿ ನಿಂತು ಅದನ್ನೇ ಹೇಳುತ್ತಿದ್ದೆ. ಇಲ್ಲಿ ಲೀಟ್ರಿಮ್‌ನಲ್ಲಿ ನೀನು ಬಿಟ್ಟುಹೋದ ಮಳೆಯೇ ಇನ್ನೂ ನಿಂತಿಲ್ಲ.

ಪಬ್ಬಿನ ಗುರುವಾರದ ಸಂಗೀತ ಕೂಟಕ್ಕೆ ಈಗಲೂ ಹೋಗುತ್ತೇನೆ. ಒಲೆಯ ಪಕ್ಕದ ನಿನ್ನ ಸ್ಟೂಲಿನ ಮೇಲೆ ಜನ ಒದ್ದೆ ಕೋಟು ಹಾಕುತ್ತಾರೆ. ಹೊಸಬರು ಚೆನ್ನಾಗಿ ನುಡಿಸುತ್ತಾರೆ, ಆದರೆ ಹಿಂದೆ ಗೂಳಿ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ. ನಾನು ಬ್ಯಾಂಜೋದ ನಾಲ್ಕು ತಂತಿಗಳ ಬಿರಡೆ ತಿರುವುತ್ತ ಕೂತಾಗ ನೀನು, "ಬ್ಯಾಂಜೋ ಶ್ರುತಿಗೆ ಬರೋದು ಹಸು ಮನೆಗೆ ಬಂದ ಹಾಗೆ ಕಣೇ, ಅದಕ್ಕೆ ಮನಸ್ಸಾದಾಗ" ಎಂದು ಬ್ರೈಡಿಯನ್ನು ನಗಿಸುತ್ತಿದ್ದೆಯಲ್ಲ, ಈಗ ಎಲ್ಲರೂ ಮರ್ಯಾದೆಯಿಂದ ಕಾಯುತ್ತಾರೆ. ನನಗೆ ಆ ಮರ್ಯಾದೆ ಬೇಡ. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಚಹಾದ ನೀರು ಕುದಿಯುವ ಸದ್ದು ಬಿಟ್ಟು ಬೇರೇನೂ ಇಲ್ಲ. ನಿನ್ನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ.

ಹೋದ ತಿಂಗಳು ಶಾಲೆಯ ಮೇಷ್ಟ್ರು ಕೋನಲ್ ರೆಕಾರ್ಡರ್ ಹೊತ್ತು ಬಂದ. ಈ ಗುಡ್ಡದ ಹಳೆಯ ಮಟ್ಟುಗಳನ್ನೆಲ್ಲ ಹಿಡಿದಿಡುತ್ತಾನಂತೆ. ಅಡುಗೆಮನೆಯ ಗಡಿಯಾರ ನಿಲ್ಲಿಸಿದ, ಫ್ರಿಜ್ಜು ಆರಿಸಿದ, ತಾಳ ಹಾಕುವ ನನ್ನ ಕಾಲಿನ ಕೆಳಗೆ ದಿಂಬು ತುರುಕಿದ. ನಿಮ್ಮಮ್ಮ ಬಟ್ಟೆ ಹಿಂಡುತ್ತ ಬಾಯಲ್ಲೇ ಗುನುಗುತ್ತಿದ್ದ ಆ ಹೆಸರಿಲ್ಲದ ಮಟ್ಟನ್ನು ನುಡಿಸಿದೆ. ಈಗ ಅದನ್ನು ಬಲ್ಲವರು ನೀನು ಮತ್ತು ನಾನು ಮಾತ್ರ. ಕೋನಲ್ ಅದನ್ನು ಮತ್ತೆ ಕೇಳಿಸಿಕೊಂಡು ತಲೆ ಕೆರೆದುಕೊಂಡ. "ಏನ್ರೀ ಡಿಂಪ್ನಾ, ಎಲ್ಲಾ ನಯವಾಗಿ ಹೋಗ್ತಿರುತ್ತೆ, ನಡುನಡುವೆ ಯಾಕ್ ಹಂಗ್ ತಂತಿ ಬಡೀತೀರ? ನಾಯಿ ಓಡಿಸ್ದಂಗಿದೆ!"

ನಾನೂ ಕೇಳಿದೆ. ನಿಜ. ಕೆಲವು ಕಡೆ ಮೂರು ಮೂರು ಸ್ವರಗಳನ್ನು ತಡತಡನೆ ಬಡಿದಿದ್ದೇನೆ. ಅವೆಲ್ಲ ನೀನು ಉಸಿರೆಳೆಯುತ್ತಿದ್ದ ಜಾಗಗಳು.

ನನ್ನ ಬ್ಯಾಂಜೋದ ಸ್ವರ ಹುಟ್ಟಿದಲ್ಲೇ ಸಾಯುತ್ತದೆ. ನಿನ್ನ ಮರದ ಕೊಳಲು ಅದನ್ನು ಎತ್ತಿಕೊಂಡು ಮುಂದಕ್ಕೆ ಒಯ್ಯುತ್ತಿತ್ತು. ಅದಕ್ಕೆ ಪ್ರತಿಯಾಗಿ ನೀನು ಗಾಳಿ ತುಂಬಿಕೊಳ್ಳಲು ಸ್ವರ ಬಿಟ್ಟಲ್ಲೆಲ್ಲ ನಾನು ಗಟ್ಟಿಯಾಗಿ ನುಡಿಸಿ ಆ ಸಂದು ಮುಚ್ಚುತ್ತಿದ್ದೆ. ಕುಣಿಯುವವರ ಕಾಲಿಗೆ ಒಂದು ದಿನವೂ ಅದು ತಿಳಿಯಲಿಲ್ಲ. ಮೊದಮೊದಲು ಒಂದು ಮಟ್ಟಿನಲ್ಲಿ ಎಲ್ಲೋ ಒಂದೆರಡು ಕಡೆ. ವರ್ಷ ಕಳೆದಂತೆ ಸಂದುಗಳು ಹೆಚ್ಚಾದವು. ಗಣಿಯ ದೂಳು ನಿನ್ನ ಎದೆಯಲ್ಲಿ ಮನೆ ಮಾಡಿದ್ದು ಡಾಕ್ಟರಿಗಿಂತ ಮೊದಲು ನನ್ನ ಬಲಗೈಗೆ ಗೊತ್ತಾಯಿತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ, ಸುಮ್ಮನೆ ಇನ್ನಷ್ಟು ನುಡಿಸಿದೆ.

ನಿನ್ನ ಕೊನೆಯ ಗುರುವಾರ ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಕೊಳಲನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಗೆ ಹಾಕಿದೆ. "ಇವತ್ತು ನುಡಿಸಿದ್ದೆಲ್ಲ ನೀನೇ. ನಾನು ಕೊಳಲು ಹಿಡ್ಕೊಂಡು ಕೂತಿದ್ದೆ ಅಷ್ಟೇ" ಎಂದೆ. ಆಮೇಲೆ ನಿನ್ನ ಮಗಳು ಊನಾಳ ಮನೆಗೆ, ಲಾಂಗ್‌ಫರ್ಡ್‌ಗೆ ಹೊರಟೇ ಹೋದೆ. ನೋಡಲು ಬಂದ ನನಗೆ ಬಾಗಿಲಲ್ಲೇ ನೀನು, "ಇನ್ಮೇಲೆ ಬರೋದಾದ್ರೆ ಕೈ ಬೀಸ್ಕೊಂಡು ಬಾ, ಆ ಬ್ಯಾಂಜೋ ತರ್ಬೇಡ" ಎಂದೆ. ಆ ಮಾತು ನನ್ನನ್ನು ಸುಟ್ಟಿತು, ಫೆಲಿಮ್. ಬ್ಯಾಂಜೋ ಬಿಟ್ಟು ನಿನ್ನೆದುರು ಕೂರುವುದು ನನಗೆ ಗೊತ್ತೇ ಇಲ್ಲ.

ಅದಕ್ಕೇ ಕೋನಲ್‌ನನ್ನು ಮತ್ತೆ ಕರೆಸಿದೆ. ಅದೇ ಮಟ್ಟು, ಅದೇ ದಿಂಬು. ಈ ಸಲ ನೀನು ಉಸಿರೆಳೆಯುತ್ತಿದ್ದ ಜಾಗ ಬಂದಾಗಲೆಲ್ಲ ಕೈ ತಡೆದು ನಿಲ್ಲಿಸಿದೆ. ಸುಲಭವಾಗಲಿಲ್ಲ. ಕೈ ಹಳೆಯ ಕುದುರೆಯ ಹಾಗೆ ತನ್ನ ದಾರಿಗೇ ಓಡುತ್ತಿತ್ತು; ಸಂಜೆಯಾಗುವ ಹೊತ್ತಿಗೆ ಹಿಡಿತಕ್ಕೆ ಬಂತು. ಕೋನಲ್ ಕೇಳಿ ಮುಖ ಕಿವುಚಿದ. "ಹಲ್ಲು ಬಿದ್ದ ಬಾಯಿ ಥರ ಇದೆಯಲ್ರೀ!"

"ಇರ್ಲಿ ಬಿಡಪ್ಪ. ಆ ಹಲ್ಲುಗಳು ಲಾಂಗ್‌ಫರ್ಡ್‌ನಲ್ಲಿವೆ" ಎಂದೆ.

ಕ್ಯಾಸೆಟ್ ಇದರ ಜೊತೆಗಿದೆ. ಊನಾ ಹಾಕಿ ಕೊಡುತ್ತಾಳೆ. ಕೊಳಲು ಹೊರಗೆ ತೆಗೆ. ಒಂದೊಂದು ಸಂದಿಗೆ ಮೂರೇ ಸ್ವರ, ಹೆಚ್ಚಿಲ್ಲ. ಬಿಸಿ ಚಹಾ ಆರಿಸಲು ಊದುವಷ್ಟು ಗಾಳಿ ಸಾಕು. ಚಹಾ ಸುಡುತ್ತದೆಂದು ನೀನು ದಿನವೂ ಊದಿಕೊಂಡು ಗೊಣಗುತ್ತೀಯ ಎಂದು ಊನಾ ಫೋನಿನಲ್ಲಿ ಹೇಳಿದಳು. ಅಷ್ಟು ಉಸಿರು ನಿನ್ನಲ್ಲಿದೆ, ನೆಪ ಹೇಳಬೇಡ. ಇಷ್ಟು ವರ್ಷ ನೀನು ಉಸಿರೆಳೆಯುವಾಗ ನಾನು ನುಡಿಸಿದೆ. ಈಗ ನಾನು ನುಡಿಸುತ್ತಿರುವಷ್ಟು ಹೊತ್ತೂ ನೀನು ಆರಾಮಾಗಿ ಉಸಿರಾಡು. ನಾನು ನಿಲ್ಲಿಸಿದಲ್ಲಿ ಮಾತ್ರ ಊದು.

ಊದಲಾಗದಿದ್ದರೆ ಸುಮ್ಮನೆ ಕೇಳು. ಆ ಜಾಗಗಳು ಹಾಗೇ ಖಾಲಿ ಇರುತ್ತವೆ. ಬೇರೆ ಯಾರಿಗೂ ಕೊಡುವುದಿಲ್ಲ, ನಾನೂ ಇನ್ನು ತುಂಬುವುದಿಲ್ಲ.

ದೇವರು ನಿನ್ನ ಎದೆಗೆ ಒಳ್ಳೆಯ ಗಾಳಿ ಕೊಡಲಿ, ರಾತ್ರಿ ಕೆಮ್ಮಿಲ್ಲದ ನಿದ್ದೆ ಕೊಡಲಿ.

ಕೋಟು ಎತ್ತಿಟ್ಟು ನಿನ್ನ ಸ್ಟೂಲು ಒರೆಸಿರುವ,
ಡಿಂಪ್ನಾ